ಲಿಫ್ಟಿನ ಹೆಂಗಸು

ಶಾರ್ಜಾದ ನಮ್ಮ ಕಟ್ಟಡದ ಲಿಫ್ಟಿನೊಳಗೆ
ಒಬ್ಬಳು ಹೆಂಗಸಿದ್ದಾಳೆ.
ಅವಳ ಮುಖ ಯಾರೂ ನೋಡಿಲ್ಲ.
ಮೊದಲು ಅರಬ್ಬಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ
ಮಹಡಿಯ ನಂಬರು ಹೇಳುತ್ತಾಳೆ,
ಬಾಗಿಲು ಮುಚ್ಚುತ್ತಿದೆ ಎನ್ನುತ್ತಾಳೆ.
ಸಿಟ್ಟಿಲ್ಲ, ಸುಸ್ತಿಲ್ಲ, ನಿನ್ನೆಯ ದನಿಯೇ ಇವತ್ತೂ.
ನನ್ನ ಮಗ ಶಮಂತ
ಮಾತು ಕಲಿತದ್ದು ಅವಳ ಹತ್ತಿರ.

ನನ್ನ ಹತ್ತಿರ ಕಲಿಯಬೇಕಿತ್ತು.
ಮೂರು ವರ್ಷವಿದ್ದಾಗ ಥೆರಪಿಯವಳು,
ಒಳ್ಳೆಯವಳೇ, ಪೆನ್ನಿನ ಕ್ಯಾಪು ಕಚ್ಚುತ್ತ ಹೇಳಿದ್ದಳು:
ಮನೆಯಲ್ಲಿ ಒಂದೇ ಭಾಷೆ ಇರಲಿ, ಇಂಗ್ಲಿಷೇ ಇರಲಿ,
ಮಗುವಿಗೆ ಗೊಂದಲ ಬೇಡ.
ನನ್ನ ಇಂಗ್ಲಿಷು ಕುಂದಾಪುರದ ಹೈಸ್ಕೂಲಿನದು,
ರಜಾ ಅರ್ಜಿಗೆ ಸಾಕು, ಮುದ್ದು ಮಾಡಲು ಸಾಲದು.
ಕಮ್, ಸಿಟ್, ಈಟ್ ಅನ್ನುವಾಗೆಲ್ಲ
ನಾಯಿ ಪಳಗಿಸಿದ ಹಾಗಾಗಿ ನಾಚಿಕೆ.
ಅವನು ನಿದ್ದೆ ಹೋದ ಮೇಲೆ ಮಾತ್ರ
ಕಿವಿಯ ಹತ್ತಿರ, ಕದ್ದು,
"ಹೊಟ್ಟಿ ತುಂಬಿತ್ತಾ ಮಗಾ?"
ಆರು ವರ್ಷ, ಹೀಗೆ.

ಹಸಿವಾದರೆ ಅವನು 'ಗ್ರೌಂಡ್ ಫ್ಲೋರ್' ಅನ್ನುತ್ತಾನೆ.
ಮನೆಗೆ ನೆಂಟರು ಬಂದರೆ 'ಓವರ್‌ಲೋಡ್'.
ರಾತ್ರಿ, 'ಯುಗ್ಲಕುಲ್ ಬಾಬ್' ಎಂದು
ಎರಡು ಬೆರಳಲ್ಲಿ ತನ್ನ ರೆಪ್ಪೆ ತಾನೇ ಎಳೆದುಕೊಳ್ಳುತ್ತಾನೆ.
ಮೂರು ಶಾಲೆಯವರು ನಗುನಗುತ್ತಲೇ ಸೀಟಿಲ್ಲ ಅಂದರು;
ಸೆಂಟರಿನ ಫೀಸಿಗೆ ಇವರ ಸಂಬಳದ ಅರ್ಧ,
ರಜೆಯ ದಿನ ದೇರಾದ ಅಂಗಡಿಯೊಂದರ ಲೆಕ್ಕ ಬರೆಯಲು ಹೋಗುತ್ತಾರೆ,
ಬಂದು, ಚಪ್ಪಲಿ ಬಿಡದೆ,
ಮಗನನ್ನು ಲಿಫ್ಟಿನಲ್ಲಿ ಹತ್ತು ರೌಂಡು ಹೊಡೆಸುತ್ತಾರೆ.
ನನ್ನ ಕುಟುಂಬ ಚಿತ್ರ ಬರೆ ಅಂದರೆ ಸಮೀಕ್ಷಾ
ಅಪ್ಪ, ಅಮ್ಮ, ತಾನು, ಅಣ್ಣ ಬರೆದು
ಪಕ್ಕದಲ್ಲಿ ಉದ್ದನೆಯ ಪೆಟ್ಟಿಗೆ ಬರೆದು
ಅದಕ್ಕೂ ಎರಡು ಜಡೆ ಹಾಕಿದ್ದಳು.

ಆಗಸ್ಟಿನಲ್ಲಿ ಲಿಫ್ಟು ಕೆಟ್ಟಿತು.
ಸೆಂಟರಿನಿಂದ ಬಂದಾಗ ಮಧ್ಯಾಹ್ನ ಎರಡು,
ನಾತೂರ್ ಗುಲ್ ಜಮಾನ್ ರಟ್ಟು ಅಂಟಿಸಿದ್ದ: ಎರಡು ದಿನ.
ನಮ್ಮದು ಏಳನೇ ಮಹಡಿ.
ಶಮಂತ ಬಟನ್ ಒತ್ತಿದ. ಒತ್ತಿದ. ಒತ್ತಿದ.
ನೆಲಕ್ಕೆ ಕೂತ. ಆಮೇಲೆ ತಲೆ,
ಸ್ಟೀಲಿನ ಬಾಗಿಲಿಗೆ, ಟಣ್, ಟಣ್.
ನನ್ನ ಚೀಲದಲ್ಲಿ ಮೊಸರು ಬಿಸಿಯಾಗುತ್ತಿತ್ತು.
ಯಾರೋ ಹುಡುಗ ಫೋನು ಎತ್ತಿ ಹಿಡಿದ,
ಐದನೇ ಮಹಡಿಯ ಈಜಿಪ್ಟಿನವಳು ಅವನಿಗೆ ಉಗಿದಳು.
ಗುಲ್ ಜಮಾನ್ ಏನೂ ಹೇಳದೆ
ಹೆಗಲ ಶಾಲು ನಾಲ್ಕು ಮಡಿಕೆ ಮಾಡಿ
ಮಗನ ಹಣೆಗೂ ಸ್ಟೀಲಿಗೂ ನಡುವೆ ಹಿಡಿದು ನಿಂತ.
ಸದ್ದು ಮೆತ್ತಗಾಯಿತು, ನಿಲ್ಲಲಿಲ್ಲ.

ಕಮ್ ಅಂದೆ. ಸ್ಟೆಪ್ಸ್ ಅಂದೆ. ಪ್ಲೀಸ್ ಅಂದೆ.
ನನ್ನ ಇಂಗ್ಲಿಷು ಅಲ್ಲಿಗೆ ಮುಗಿಯಿತು.
ಮೆಟ್ಟಿಲ ಬಾಗಿಲು ತಳ್ಳಿ ಹಿಡಿದು,
ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ,
ಸಿಟ್ಟಿಲ್ಲದ, ಸುಸ್ತಿಲ್ಲದ ದನಿ ತೆಗೆದು
"ಬಾಗ್ಲ್ ಹಾಕ್ತಿತ್ತ್" ಅಂದೆ.

ತಲೆ ನಿಂತಿತು.
"ಬಾಗ್ಲ್ ಹಾಕ್ತಿತ್ತ್. ಮೇಲ್ ಹ್ವಾತ್ತ್."
ಎದ್ದ. ನನ್ನ ಮುಖ ನೋಡಲಿಲ್ಲ, ಬಾಯಿ ನೋಡಿದ,
ಸ್ಪೀಕರಿನ ತೂತು ನೋಡುವ ಹಾಗೆ.
ಒಂದ್ನೇ ಮಾಳ್ಗಿ.
ಎರಡ್ನೇ ಮಾಳ್ಗಿ, ಎರಡು ಸಲ ಹೇಳಬೇಕು, ಅವಳು ಹೇಳುತ್ತಾಳಲ್ಲ.
ಬೆವರಿಗೆ ಕಣ್ಣು ಉರಿ. ಮೂರ್ನೇ ಮಾಳ್ಗಿ.
ನಾಲ್ಕರಲ್ಲಿ ಉಸಿರು ಸಿಗದೆ ನಾನು ಸುಮ್ಮನಾದರೆ
ಅವನೂ ಒಂಟಿ ಕಾಲಲ್ಲಿ ನಿಂತ, ಕಾಯುತ್ತ.
ಈಜಿಪ್ಟಿನವಳು ಹಿಂದಿನಿಂದ ನನ್ನ ಚೀಲ ಹೊತ್ತು
ಐದಕ್ಕೆ ಬಂದರೂ ಇಳಿಯಲಿಲ್ಲ.
ಏಳ್ನೇ ಮಾಳ್ಗಿ. ಬಾಗ್ಲ್ ತೆಗೀತ್ತ್.
ನಾನೇ ಬೀಗ ತೆಗೆದೆ.

ಎರಡು ದಿನ ಅಂದದ್ದು ಐದು ದಿನವಾಯಿತು.
ಐದೂ ದಿನ ನಾನು ಲಿಫ್ಟು.
ಗುಲ್ ಜಮಾನ್ ಈಗಲೂ ಕಂಡಾಗ
ನಕ್ಕು, ಎರಡು ಬೆರಳಲ್ಲಿ ಬಟನ್ ಒತ್ತಿದ ಹಾಗೆ ಮಾಡುತ್ತಾನೆ.

ರಿಪೇರಿಯಾದ ದಿನ ಮೂವರೂ ಒಳಗೆ ಹೋದೆವು.
ಆಸೆಯಿತ್ತು ನನಗೆ, ಸುಳ್ಳು ಯಾಕೆ,
ಅವಳಿಗಿಂತ ಮೊದಲೇ ಬಾಯಿ ತೆರೆದೆ: "ಬಾಗ್ಲ್..."

ಶಮಂತ ತಿರುಗದೆ ಕೈ ಚಾಚಿ
ನನ್ನ ಬಾಯಿಯ ಮೇಲೆ ಅಂಗೈ ಇಟ್ಟ.
ಬಿಸ್ಕತ್ತಿನ ಪುಡಿ, ಉಪ್ಪು, ಒಂದಿಷ್ಟು ಸೋಪಿನ ವಾಸನೆ.
ಅವಳು ಹೇಳಿದಳು, ಅರಬ್ಬಿಯಲ್ಲಿ, ಇಂಗ್ಲಿಷಿನಲ್ಲಿ.
ಸಮೀಕ್ಷಾ ಕಿಸಕ್ಕನೆ ನಕ್ಕಳು.
ಏಳರ ತನಕ ಅವನು ಕೈ ತೆಗೆಯಲಿಲ್ಲ,
ನಾನೂ ಮುಖ ಸರಿಸಲಿಲ್ಲ.